ರೇಡಿಯಂ ಬಸ್ಸಿನ ಏಣಿ

ಕೊನೆಯ ಮಾಮೂಲಿ ದಿನ ನಾವು ಹುರುಳಿ ಸಾರಿನ ವಿಷಯಕ್ಕೆ ಜಗಳವಾಡಿದೆವು. ನಮ್ಮ ಯಜಮಾನರು ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ಹಗಲು ಟ್ರಿಪ್ಪು ಮುಗಿಸಿ ಐದು ಗಂಟೆಗೆಲ್ಲ ಹಿರಿಯೂರಿನ ಮನೆಗೆ ಬಂದರು, ಚರ್ಮದ ಚೀಲವನ್ನು ಗೂಟಕ್ಕೆ ನೇತುಹಾಕಿದರು, ಕೈಕಾಲು ತೊಳೆದು ಊಟಕ್ಕೆ ಕೂತರು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಬಿಸಿಲಿರುವಾಗಲೇ ರಾತ್ರಿಯ ಊಟ ಮುಗಿಸುವ ಮನೆ ನಮ್ಮ ಬೀದಿಯಲ್ಲಿ ನಮ್ಮದೊಂದೇ. ಯಾರಾದರೂ ಕೇಳಿದರೆ ಹೊಟ್ಟೆಗೆ ಒಳ್ಳೆಯದಂತೆ ಅನ್ನುತ್ತಿದ್ದೆವು. ಅಸಲಿಗೆ, ಹೊತ್ತು ಮುಳುಗಿದ ಮೇಲೆ ಅವರಿಗೆ ತಟ್ಟೆ ಎಲ್ಲಿದೆ, ಮುದ್ದೆ ಎಲ್ಲಿದೆ ಕಾಣುತ್ತಿರಲಿಲ್ಲ.

“ಇದ್ರಾಗೆ ಉಪ್ಪೇ ಇಲ್ವಲ್ಲೇ,” ಅಂದರು.

“ಐತೆ. ನಿಮ್ ನಾಲಿಗೆಗೂ ಸಂಜೆ ಆಗಿರ್ಬೇಕು.”

“ಬಾಯಿ ನೋಡು ಇವಳ್ದು! ನಿಮ್ಮಪ್ಪ ಬೇರೇನೂ ಕೊಡ್ದಿದ್ರೂ ಬಾಯೊಂದು ಕೊಟ್ಟು ಕಳ್ಸ್ಯಾನೆ.”

ನಕ್ಕರು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಆ ದಿನ ನಡೆದದ್ದು ಇಷ್ಟೇ. ಉಪ್ಪು ಹಾಕುವುದನ್ನು ನಾನು ನಿಜಕ್ಕೂ ಮರೆತಿದ್ದೆ.

ಕಣ್ಣಿನ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದ ಅತ್ತೆಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇಬ್ಬರೇ ಚಿತ್ರದುರ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದೆವು. ಇದು ಇರುಳುಗುರುಡು, ಹಗಲು ಏನೂ ತೊಂದರೆಯಿಲ್ಲ, ಮಬ್ಬಾದರೆ ಕಾಣುವುದಿಲ್ಲ, ಬರಬರುತ್ತಾ ಹೆಚ್ಚಾಗಬಹುದು ಎಂದು ಅವರು ಹೇಳಿದರು. ನಿಮ್ಮ ತಂದೆತಾಯಿ ಮದುವೆಗೆ ಮೊದಲೇ ಸಂಬಂಧಿಕರೇ ಎಂದೂ ಕೇಳಿದರು. ಯಜಮಾನರು ಎದೆಯುಬ್ಬಿಸಿ, “ಅಪ್ಪನ ಸ್ವಂತ ಅಕ್ಕನ ಮಗಳೇ ನಮ್ಮವ್ವ ಸಾರ್. ಹೊರಗಿನ ಹೆಣ್ಣು ತರೋ ಪೈಕಿ ಅಲ್ಲ ನಾವು,” ಅಂದರು. ಡಾಕ್ಟರು ಅದನ್ನು ಬರೆದುಕೊಂಡರು. ಮೀನೆಣ್ಣೆಯ ಗುಳಿಗೆ ಕೊಟ್ಟು, ಪರಂಗಿ ಹಣ್ಣು, ನುಗ್ಗೆ ಸೊಪ್ಪು ತಿನ್ನಿ ಅಂದರು. ಹಿತ್ತಲಿನ ನುಗ್ಗೆ ಮರ ಬೋಳಾಗುವವರೆಗೆ ತಿಂದೆವು. ನನ್ನ ಕಣ್ಣು ಬಹಳ ಚುರುಕಾಯಿತು.

ಮಾರನೆಯ ದಿನ ಬಸ್ಸಿನ ಸಾಹುಕಾರರು ಟ್ರಿಪ್ಪು ಬದಲಾಯಿಸಿದರು. ನಾಲ್ಕೂವರೆಗೆ ಹಿರಿಯೂರು ಬಿಡಬೇಕು, ಮಬ್ಬು ಕವಿಯುವಾಗ ಹೊಸದುರ್ಗ, ಏಳೂವರೆಗೆ ಹೊಳಲ್ಕೆರೆ, ಆಮೇಲೆ ಚಿತ್ರದುರ್ಗ. ಅಲ್ಲೇ ತಂಗಿ ಬೆಳಿಗ್ಗೆ ವಾಪಸ್ಸು. ಬಸ್ಸಿಗೆ ಕ್ಲೀನರ್ ಇರಲಿಲ್ಲ. ಕ್ಲೀನರನ್ನು ಇಟ್ಟುಕೊಂಡರೆ ಕಂಡಕ್ಟರು ಸೋಮಾರಿಯಾಗುತ್ತಾನೆ ಎಂಬುದು ಸಾಹುಕಾರರ ಅಭಿಪ್ರಾಯ. ಅವರಿಗೆ ನೌಕರರ ಆರೋಗ್ಯದ ಬಗ್ಗೆ ಬಹಳ ಕಾಳಜಿ. ಹಾಗಾಗಿ ಟಿಕೆಟ್ ಹರಿಯುವವರೂ ಇವರೇ, ಹಿಂಬದಿಯ ಏಣಿ ಹತ್ತಿ ಟಾಪಿನ ಮೇಲೆ ತೆಂಗಿನಕಾಯಿ, ಕಡಲೆಕಾಯಿ ಮೂಟೆ ಜೋಡಿಸುವವರೂ ಇವರೇ.

ಸಾಹುಕಾರರಿಗೆ ಹೇಳಿಬಿಡಿ ಅಂದೆ.

“ಏನಂತ ಹೇಳ್ಲಿ? ಕಣ್ಣು ಕಾಣದ ಕಂಡಕ್ಟರ್ ನಾನು, ಸಂಬಳ ಕೊಡ್ರಿ ಅಂತನಾ? ಬಸ್ ಸ್ಟ್ಯಾಂಡಿನಾಗೆ ನನ್ ಚೀಲಕ್ಕೆ ಕಾಯ್ಕಂಡು ಹತ್ತು ಜನ ಅವರೆ.”

“ಬ್ಯಾಟರಿ ಇಟ್ಕಳ್ರಿ.”

“ಒಂದ್ ಕೈಯಾಗೆ ಬ್ಯಾಟರಿ, ಒಂದ್ ಕೈಯಾಗೆ ಏಣಿ. ಮೂಟೆ ಹಿಡಿಯಾಕೆ ನೀನು ಬರ್ತೀಯಾ?”

ಬಸ್ಸಿನೊಳಗೆ ಹೇಗೋ ನಡೆಯುತ್ತಿತ್ತು. ನಾಣ್ಯವನ್ನು ಹೆಬ್ಬೆರಳಿನಲ್ಲೇ ಗುರುತಿಸುತ್ತಿದ್ದರು. ಜನರನ್ನು ಮಾತಾಡಿಸಿ, ದನಿಯ ಮೇಲೆ ಯಾರು ಎಲ್ಲಿ ಕೂತಿದ್ದಾರೆಂದು ಲೆಕ್ಕ ಹಾಕುತ್ತಿದ್ದರು. ಈ ಕಂಡಕ್ಟರು ಎಲ್ಲರ ಯೋಗಕ್ಷೇಮ ವಿಚಾರಿಸುತ್ತಾನೆ ಎಂದು ಒಳ್ಳೆಯ ಹೆಸರೂ ಬಂತು. ಕಷ್ಟವಿದ್ದದ್ದು ಏಣಿಯ ವಿಷಯದಲ್ಲಿ.

ಹೀಗಿರುವಾಗ ಪಕ್ಕದ ಮನೆಯ ಮೇಷ್ಟ್ರು ನಮ್ಮ ಬಾಳಿಗೆ ಬೆಳಕು ತಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಹಾಗಾಗಿ ಹವ್ಯಾಸಗಳಿಗೆ ಪುರುಸೊತ್ತಿತ್ತು. ಅವರು ಮಾಡಿದ ರೇಡಿಯೋದಲ್ಲಿ ಯಾವ ಸ್ಟೇಷನ್ನೂ ಬರುತ್ತಿರಲಿಲ್ಲ, ಆದರೆ ಅದು ಕೆಟ್ಟಿದೆ ಎಂದು ಅವರು ಒಪ್ಪುತ್ತಿರಲಿಲ್ಲ, ಹಿರಿಯೂರು ತಗ್ಗಿನಲ್ಲಿದೆ ಅನ್ನುತ್ತಿದ್ದರು. ಅವರಿಗೆ ಬೊಂಬಾಯಿಯಿಂದ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಅಕ್ಕಿಹಿಟ್ಟಿನಂಥ ಪುಡಿ, ಸ್ವಲ್ಪ ಹಸಿರು ಬಣ್ಣ. ವಾರ್ನಿಶ್‌ನಲ್ಲಿ ಕಲಸಿ ಬಳಿದರೆ ಕತ್ತಲಲ್ಲಿ ತಾನೇ ಹೊಳೆಯುತ್ತದೆಯಂತೆ.

“ರೇಡಿಯಂ ಅಲ್ವಾ ಮೇಷ್ಟ್ರೇ? ವಾಚಿನ ಮುಳ್ಳಿಗೆ ಹಾಕಿರ್ತಾರಲ್ಲ?” ಎಂದು ಯಜಮಾನರು ಕೇಳಿದರು.

“ಅಲ್ಲ ಕಂಡಕ್ಟರ್ರೇ. ರೇಡಿಯಂ ಅಂದ್ರೆ ವಿಷ. ಇದು ಸಾಧು ಪ್ರಾಣಿ. ಹಗಲು ಬೆಳಕು ಕುಡಿಯುತ್ತೆ, ರಾತ್ರಿ ಕಕ್ಕುತ್ತೆ. ಅಷ್ಟೇ.”

ಊರಿನವರು ಅದನ್ನು ಕೊನೆಯವರೆಗೂ ರೇಡಿಯಂ ಅಂತಲೇ ಕರೆದರು. ಸಾಧು ಪ್ರಾಣಿ ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿದರು.

ಮೇಷ್ಟ್ರು ನಮ್ಮ ಜಗಲಿಯಲ್ಲಿ ಕೂತು ಈ ಬಣ್ಣದ ಸಾಧ್ಯತೆಗಳನ್ನು ವಿವರಿಸಿದರು. ಗೋಡೆಯ ಗಡಿಯಾರಕ್ಕೆ ಬಳಿಯಬಹುದು. ಲೈಟಿನ ಸ್ವಿಚ್ಚಿಗೆ ಒಂದು ಬೊಟ್ಟು ಇಟ್ಟರೆ ತಡಕಾಡುವ ಕೆಲಸವಿಲ್ಲ. ಬೀಗದ ತೂತಿನ ಸುತ್ತ, ಬೆಂಕಿಪೆಟ್ಟಿಗೆಯ ಮೇಲೆ, ಬಾವಿಯ ಕಟ್ಟೆಗೆ, ತೊಟ್ಟಿಲಿನ ಗುಂಡುಗಳಿಗೆ. ಚೌಕಾಬಾರದ ಮಣೆಗೆ ಬಳಿದರೆ ಕರೆಂಟು ಹೋದಾಗಲೂ ಆಟ ನಿಲ್ಲಿಸಬೇಕಿಲ್ಲ. ಕರೆಂಟು ಹೋದಾಗ ಚೌಕಾಬಾರ ನಿಂತುಹೋಗುವ ಸಂಕಟ ಈ ದೇಶದಲ್ಲಿ ಎಷ್ಟು ಜನರನ್ನು ಕಾಡಿತ್ತೋ, ಕೊನೆಗೂ ಒಬ್ಬರು ಪರಿಹಾರ ಕಂಡುಹಿಡಿದಿದ್ದರು.

ನಮ್ಮವರು ಇದನ್ನೆಲ್ಲ ಬಾಯಿಬಿಟ್ಟುಕೊಂಡು ಕೇಳಿದರು. ಕಡೆಗೆ, ಬಹಳ ಸಲೀಸಾಗಿ, “ಏಣಿಗೆ ಬಳೀಬೌದಾ ಮೇಷ್ಟ್ರೇ?” ಅಂದರು.

“ಯಾವ ಏಣಿ?”

“ಯಾವ್ದೋ ಒಂದು. ಬಸ್ಸಿಂದು ಅಂತ ಇಟ್ಕಳ್ರಿ.”

ಅವತ್ತಿನಿಂದ ಯಜಮಾನರಿಗೂ ಹವ್ಯಾಸ ಹಿಡಿಯಿತು. ಅದಕ್ಕೆ ಮೊದಲು ಅವರಿಗಿದ್ದ ಹವ್ಯಾಸವೆಂದರೆ ನಿದ್ದೆ. ಈಗ ಮಧ್ಯಾಹ್ನ ಮನೆಯಲ್ಲಿದ್ದಷ್ಟು ಹೊತ್ತೂ ತೆಂಗಿನ ಚಿಪ್ಪಿನಲ್ಲಿ ವಾರ್ನಿಶ್ ಕಲಸುವುದು, ಗಂಟುಗಳನ್ನು ಬೆರಳಿನಲ್ಲಿ ಅರೆಯುವುದು, ಹಳೇ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದುವುದು. ಕೆಳಗೆ ಬಿಳಿ ಬಣ್ಣ ಬಳಿದು ಒಣಗಿಸಿ, ಅದರ ಮೇಲೆ ಇದನ್ನು ಬಳಿದರೆ ಹೊಳಪು ಜಾಸ್ತಿ ಎಂದು ಮೇಷ್ಟ್ರು ಹೇಳಿಕೊಟ್ಟರು. ಊದುವ ಸೀಟಿಗೆ ಬಳಿದರು, ಟಿಕೆಟ್ ಹಲಗೆಯ ಅಂಚಿಗೆ ಬಳಿದರು, ಫುಟ್‌ಬೋರ್ಡಿಗೆ ಒಂದು ಪಟ್ಟಿ ಎಳೆದರು. ಏಣಿಯ ಏಳೂ ಮೆಟ್ಟಿಲಿಗೆ ಬಳಿದರು. ಅತ್ತೆಯ ಎಲೆಅಡಿಕೆ ಡಬ್ಬಿಗೂ ಬಳಿದರು. ಅವರ ನಿಜವಾದ ಕೆಲಸ ಏಣಿಯದು ಎಂದು ಯಾರಿಗೂ ಅನುಮಾನ ಬರದಿರಲಿ ಎಂದು ಮಿಕ್ಕದ್ದೆಲ್ಲ. ಅದು ನನಗೆ ಗೊತ್ತಿದ್ದರೂ, ನನ್ನ ಬಾಣಲೆಯ ಹಿಡಿಗೆ ಬಳಿದ ದಿನ ಎರಡು ಹೊತ್ತು ಮಾತಾಡಿಸಲಿಲ್ಲ.

ಮೊದಲನೇ ವಾರ ನಮಗೆ ಹಬ್ಬ. ಏಣಿ ದಿನವಿಡೀ ಬಿಸಿಲು ಕುಡಿದಿರುತ್ತಿತ್ತು. ಹೊಸದುರ್ಗ ಮುಟ್ಟುವ ಹೊತ್ತಿಗೆ ಏಳು ಹಸಿರು ಗೆರೆ ಎದ್ದು ಕಾಣುತ್ತಿದ್ದವಂತೆ. “ಕಾಣ್ತೈತೆ ಕಣೇ! ಒಂದೊಂದು ಮೆಟ್ಲೂ ಕಾಣ್ತೈತೆ!” ಎಂದು ಬೆಳಿಗ್ಗೆ ಬಂದವರೇ ನನ್ನ ಕೈ ಹಿಡಿದು ಕುಣಿಸಿದರು. ಅತ್ತೆ ಒಳಗಿನಿಂದ, ಏನಾತು ಇವಕ್ಕೆ ಅಂದರು.

ಬಸ್ಸಿಗೂ ಹೆಸರು ಬಂತು. ಹಾಲುರಾಮೇಶ್ವರದ ಗುಡಿಗೆ ಹೋಗುವವರು ಬೇರೆ ಬಸ್ಸು ಬಿಟ್ಟು ರೇಡಿಯಂ ಬಸ್ಸಿಗೆ ಕಾಯತೊಡಗಿದರು. ಕುರಿ ಮೇಯಿಸುವ ಅಜ್ಜನೊಬ್ಬ ತನ್ನ ಟಗರಿನ ಕೊಂಬಿಗೆ ಒಂದಿಷ್ಟು ಬಳಿದುಕೊಡಿ, ಮಂದೆ ಎಲ್ಲಿದೆ ಅಂತ ದೂರದಿಂದಲೇ ಕಾಣಲಿ ಎಂದು ದುಂಬಾಲು ಬಿದ್ದ. “ನಿಂಗೆ ಕಂಡಂಗೆ ತೋಳಕ್ಕೂ ಕಾಣ್ತೈತೆ ಅಜ್ಜ,” ಎಂದು ಡ್ರೈವರು ಹೇಳಿದ ಮೇಲೆ ಯೋಚಿಸುತ್ತಾ ಹೋದನಂತೆ. ಡ್ರೈವರು ನಮ್ಮವರಿಗಿಂತ ಚಿಕ್ಕವನು, ಅಣ್ಣಾ ಅಣ್ಣಾ ಎಂದು ಹಿಂದೆಮುಂದೆ ಸುತ್ತುತ್ತಿದ್ದವನು. ಈ ಸುದ್ದಿಯನ್ನೆಲ್ಲ ನನಗೆ ತಂದು ಮುಟ್ಟಿಸುತ್ತಿದ್ದವನು ಅವನೇ.

ಸಾಹುಕಾರರು ಸ್ವತಃ ಬಂದು ನೋಡಿದರು. ಏಣಿಯ ಮುಂದೆ ನಿಂತು ತಲೆದೂಗಿದರು. ಬಹುಮಾನವನ್ನೂ ಕೊಟ್ಟರು. “ಇಷ್ಟ್ ಬೆಳಕೈತಲ್ಲಪ್ಪ, ಇನ್ನು ಹೊಳಲ್ಕೆರೆಯಾಗೆ ಹತ್ತು ಮೂಟೆ ಜಾಸ್ತಿ ಏರ್ಸು. ಕತ್ಲು ಅಂತ ನೆಪ ಹೇಳಂಗಿಲ್ಲ ಈಗ.” ಹೊಳಲ್ಕೆರೆಗೆ ಬಸ್ಸು ಹೋಗುವ ಹೊತ್ತಿಗೆ ಪೂರಾ ಕತ್ತಲು. ಅಲ್ಲಿಯವರೆಗೆ ಅಲ್ಲಿ ಎರಡೋ ಮೂರೋ ಮೂಟೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು.

ಎರಡನೇ ವಾರ ಯಜಮಾನರ ಮುಖ ಸಪ್ಪಗಾಯಿತು. ಹೊಸದುರ್ಗದಲ್ಲಿ ಚೆನ್ನಾಗಿ ಹೊಳೆಯುವ ಏಣಿ, ಅಲ್ಲಿಂದ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಆರಿಹೋಗುತ್ತದೆ ಅಂದರು. ಹೊಳಲ್ಕೆರೆಯಲ್ಲಿ ಇಳಿದು ನೋಡಿದರೆ ಏಣಿಯೇ ಇಲ್ಲವಂತೆ, ಕಪ್ಪಂತೆ. ಮೇಷ್ಟ್ರಿಗೆ ಹೇಳಿದಾಗ ಅವರು ಕೆರಳಿದರು. ಅವರ ರೇಡಿಯೋ ಬಗ್ಗೆ ಏನಾದರೂ ಅನ್ನಬಹುದಿತ್ತು, ಪುಡಿಯ ಬಗ್ಗೆ ಅನ್ನುವಂತಿರಲಿಲ್ಲ.

“ಕಂಡಕ್ಟರ್ರೇ, ಅದು ಹತ್ತು ಗಂಟೆವರೆಗೂ ಹೊಳೀಬೇಕು. ಹಂಗೆಲ್ಲ ಆರೋ ವಸ್ತು ಅಲ್ಲ.”

“ನಾನೇನ್ ಸುಳ್ ಹೇಳ್ತೀನಾ ಮೇಷ್ಟ್ರೇ? ನನ್ ಕಣ್ಣಾರೆ ನೋಡೀನಿ.”

ಆ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ನನಗೆ ನಗು ಬಂತು.

ಭಾನುವಾರ ಮಧ್ಯಾಹ್ನ ನಮ್ಮ ಕಾಳಿನ ಕೋಣೆಯಲ್ಲಿ ಪ್ರಯೋಗವಾಯಿತು. ಅದಕ್ಕೆ ಕಿಟಕಿ ಇರಲಿಲ್ಲ. ಬಾಗಿಲ ಸಂದಿಗೆ ಗೋಣಿತಾಟು ತುರುಕಿದರೆ ಹಾಡಹಗಲೇ ಅಮಾವಾಸ್ಯೆ. ಮೇಷ್ಟ್ರು ಒಂದು ಹಲಗೆಯ ಮೇಲೆ ಬಣ್ಣದ ಪಟ್ಟಿ ಬಳಿದು, ಅಂಗಳದಲ್ಲಿ ಬಿಸಿಲಿಗಿಟ್ಟು, ವಾಚು ನೋಡಿಕೊಂಡು ಒಳಗೆ ತಂದರು. ನಾವು ಮೂವರು, ಜೊತೆಗೆ ಅತ್ತೆ. ಅತ್ತೆಯ ಒಂದು ಕಣ್ಣಿಗೆ ಪೊರೆ ಬಂದಿತ್ತು, ಆದರೂ ತಮಾಷೆ ಎಲ್ಲೇ ಇದ್ದರೂ ಹೋಗಿ ಕೂರುವವರು. ರಾಗಿ ಚೀಲಗಳ ಮೇಲೆ ಸಾಲಾಗಿ ಕೂತೆವು. ಪಟ್ಟಿ ಹಚ್ಚಗೆ ಹೊಳೆಯಿತು. ಎಲ್ಲರೂ ಓಹೋ ಅಂದೆವು. ಸ್ವಲ್ಪ ಹೊತ್ತಿಗೆ ಹೊಳಪು ತಗ್ಗಿತು, ಆದರೆ ಆ ಕತ್ತಲಿಗೆ ನನ್ನ ಕಣ್ಣು ಹೊಂದಿಕೊಂಡಿದ್ದರಿಂದ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಮೇಷ್ಟ್ರ ಮೂಗು ಕೂಡ ಕಾಣುತ್ತಿತ್ತು.

“ಹೋತು,” ಅಂದರು ನಮ್ಮವರು. “ನೋಡ್ರಿ, ಆರೋತು. ನಾನ್ ಹೇಳ್ಲಿಲ್ವಾ?”

ಪಟ್ಟಿ ನಮ್ಮ ಮುಂದೆ ಹೊಳೆಯುತ್ತಲೇ ಇತ್ತು.

“ಎಲ್ ಆರೈತೋ?” ಅಂದರು ಅತ್ತೆ. “ಕಣ್ಣು ಕುಕ್ಕಂಗೆ ಉರೀತೈತೆ. ನಿಂಗೇನಾಗೈತಲೇ?”

ಮೇಷ್ಟ್ರು ಬಾಯಿ ತೆರೆಯುವ ಮೊದಲು ನಾನು ಬಾಯಿ ಹಾಕಿದೆ. “ಅತ್ತೆಗೆ ಪೊರೆ ಬಂದೈತೆ, ಏನೇನೋ ಕಾಣ್ತೈತೆ ಅವ್ರಿಗೆ. ಆರೋಗೈತೆ ಮೇಷ್ಟ್ರೇ. ನಂಗೂ ಕಾಣ್ತಿಲ್ಲ.”

ಕತ್ತಲಲ್ಲೂ ಮೇಷ್ಟ್ರು ನನ್ನ ಕಡೆ ತಿರುಗಿದ್ದು ನನಗೆ ಕಂಡಿತು. ಅವರು ಮರ್ಯಾದಸ್ಥರು, ಹೆಂಗಸಿನ ಮಾತಿಗೆ ಎದುರಾಡುವವರಲ್ಲ. ಎದ್ದು ಬಾಗಿಲು ತೆಗೆದರು. “ಪುಡಿ ಹಳೇದಿರಬಹುದು. ಹೊಸದು ತರಿಸ್ತೀನಿ,” ಅಂದರು. ಯಜಮಾನರು ಗೆದ್ದವರ ಹಾಗೆ ಹೊರಗೆ ಬಂದರು. ಅತ್ತೆ ಸಂಜೆಯವರೆಗೂ ನನಗೆ ಶಾಪ ಹಾಕಿದರು.

ಕೆಟ್ಟದ್ದು ಬಣ್ಣವಲ್ಲ, ಕಣ್ಣು ಇನ್ನಷ್ಟು ಇಳಿದಿದೆ ಎಂದು ಆ ಕೋಣೆಯಲ್ಲಿ ನನಗೆ ಅರ್ಥವಾಗಿತ್ತು. ಬೆಳಕು ಜೋರಾಗಿದ್ದಷ್ಟು ಹೊತ್ತು ಅವರಿಗೂ ಕಾಣುತ್ತಿತ್ತು, ಮಂದವಾದಂತೆ ಅದು ನಮ್ಮ ಪಾಲಿಗೆ ಉಳಿದು ಅವರ ಪಾಲಿಗೆ ಆರುತ್ತಿತ್ತು. ಮೇಷ್ಟ್ರ ಎದುರಿಗೆ ಅವರ ಮರ್ಯಾದೆ ಉಳಿಸಬೇಕಿತ್ತು, ಉಳಿಸಿದೆ. ರಾತ್ರಿ ಇಬ್ಬರೇ ಇದ್ದಾಗ ನಿಜ ಹೇಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ರಾತ್ರಿ ಅವರು ಚಿತ್ರದುರ್ಗದಲ್ಲಿರುತ್ತಿದ್ದರು. ಬೆಳಿಗ್ಗೆ ಬಂದಾಗ ದಣಿದಿರುತ್ತಿದ್ದರು. ಮಧ್ಯಾಹ್ನ ಬಣ್ಣ ಕಲಸುತ್ತಾ ಹಾಡು ಗುನುಗುತ್ತಿದ್ದರು. ಹೇಳದಿರುವುದಕ್ಕೆ ದಿನಕ್ಕೊಂದು ಒಳ್ಳೆಯ ಕಾರಣ ಸಿಗುತ್ತಿತ್ತು, ಮಹಾ ಬುದ್ಧಿವಂತೆ ನಾನು.

ಹೊಸ ಪುಡಿ ಬಂತು. ಎರಡನೇ ಲೇಪ, ಮೂರನೇ ಲೇಪ ಬಿತ್ತು. ಏಣಿಯ ಮೆಟ್ಟಿಲುಗಳು ಬಣ್ಣದಿಂದಲೇ ದಪ್ಪವಾದವು. “ಈಗ ಇನ್ನೊಂದು ಮೈಲಿ ಜಾಸ್ತಿ ಬರ್ತೈತೆ ಕಣೇ,” ಅನ್ನುತ್ತಿದ್ದರು. ಹೀಗೆ ಮೈಲಿ ಮೈಲಿಯಾಗಿ ಬೆಳಕನ್ನು ಹೊಳಲ್ಕೆರೆಯವರೆಗೆ ಎಳೆದುಕೊಂಡು ಹೋಗುವ ಯೋಚನೆ ಅವರದು. ನಾನು ವಾರ್ನಿಶ್ ಸೋಸಿಕೊಡುತ್ತಿದ್ದೆ.

ಒಂದು ಸಂಜೆ ಹೊಳಲ್ಕೆರೆ ನಿಲ್ದಾಣದಲ್ಲಿ ಹತ್ತು ಮೂಟೆ ಕಡಲೆಕಾಯಿ ಏರಿಸಿ, ಹಗ್ಗ ಬಿಗಿದು, ಇಳಿಯಲು ಕಾಲು ಕೆಳಗಿಟ್ಟರು. ಅವರು ಕಾಲಿಟ್ಟ ಕಡೆ ಏಣಿ ಇರಲಿಲ್ಲ, ಒಂದು ಗೇಣು ಪಕ್ಕದಲ್ಲಿತ್ತು. ಕೆಳಗೆ ಕಲ್ಲು ಹಾಸಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಅದೇ ಬಸ್ಸಿನಲ್ಲಿ ಕರೆದೊಯ್ದರು. ದಾರಿಯಲ್ಲೇ ಹೋದರು.

ಮನೆ ತುಂಬ ಜನ ಸೇರಿದರು. ಸಮಾಧಾನ ಹೇಳುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. “ಹಗಲಿದ್ದಂಗೆ ಬೆಳಕಿತ್ತಂತೆ, ಹೆಂಗ್ ಬಿದ್ದ?” ಎಂದು ಒಬ್ಬರು. “ಸ್ವಲ್ಪ ಹಾಕ್ಕಂಡಿರ್ಬೇಕು ಬಿಡ್ರಿ, ಚಳಿಗೆ,” ಎಂದು ಇನ್ನೊಬ್ಬರು. ಜೀವಮಾನದಲ್ಲಿ ಮೀನೆಣ್ಣೆಯ ಗುಳಿಗೆಗಿಂತ ಘಾಟಿನದೇನನ್ನೂ ನುಂಗದವರು ಮೂರು ದಿನದಲ್ಲಿ ಕುಡುಕರಾದರು. ಆ ಏಣಿ ಅಷ್ಟು ಚೆನ್ನಾಗಿ ಹೊಳೆಯುತ್ತಿದ್ದುದೇ ಸಾಕ್ಷಿ. ಅದನ್ನು ಹಾಗೆ ಹೊಳೆಯುವಂತೆ ಮಾಡಿದವರೂ ಅವರೇ.

ನಾನು ಬಾಯಿ ಬಿಡಲೇಬೇಕಾಯಿತು. ಸಾಹುಕಾರರು ಮಾತಾಡಿಸಲು ಬಂದ ದಿನ, ಎಲ್ಲರ ಎದುರಿಗೇ, ನಮ್ಮವರು ಕುಡಿದಿರಲಿಲ್ಲ, ಅವರಿಗೆ ಕತ್ತಲಲ್ಲಿ ಕಣ್ಣು ಕಾಣುತ್ತಿರಲಿಲ್ಲ ಅಂದೆ.

ಸಾಹುಕಾರರು ನಿಜವಾಗಿ ನೊಂದುಕೊಂಡರು. “ಮೊದ್ಲೇ ಒಂದ್ ಮಾತು ಹೇಳಿದ್ರೆ ಹಗಲು ಟ್ರಿಪ್ಪೇ ಕೊಡ್ತಿದ್ನಲ್ಲಮ್ಮ,” ಅಂದರು. ಸತ್ತವರಿಗೆ ಹಗಲು ಟ್ರಿಪ್ಪು ಕೊಡುವುದರಲ್ಲಿ ಅವರು ಎಂದೂ ಜಿಪುಣತನ ತೋರಿದವರಲ್ಲ. ಆದರೆ ಒಂದು ವೇಳೆ ಅದು ನಿಜವೇ ಆಗಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಅತ್ತೆ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಅಂಗಾದ್ರೆ ಅವತ್ತು ನಂಗೆ ಕಂಡಿದ್ದು ನಿಜ,” ಅಂದರು, ಅಷ್ಟೇ.

ಜನ ಹೋದ ಮೇಲೆ ಡ್ರೈವರು ಉಳಿದ. ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ.

“ನಂಗೊತ್ತಿತ್ತು ಅತ್ತಿಗೆ.”

“ಏನು?”

“ಅಣ್ಣನ ಕಣ್ಣು. ಹೊಳಲ್ಕೆರೆಯಾಗೆ ಏಣಿ ತಡಕಾಡಾದು ಕಂಡ್ಮ್ಯಾಲೆ, ಚಾ ಹೋಟ್ಲಿನ ಗ್ಯಾಸ್‌ಲೈಟ್ ಏಣಿ ಮ್ಯಾಲೆ ಬೀಳಂಗೆ ದಿನಾ ಬಸ್ ತಿರುಗ್ಸಿ ನಿಲ್ಲಿಸ್ತಿದ್ದೆ. ಅವತ್ತು ಆ ಜಾಗದಾಗೆ ಬ್ಯಾರೆ ಬಸ್ ನಿಂತಿತ್ತು. ಒಂದ್ ಹತ್ತು ನಿಮಿಷ ಕಾಯಾಣ ಅಂದೆ. ‘ಯಾಕ್ಲೇ, ಏಣಿ ಹೊಳೀತೈತಲ್ಲ’ ಅಂದ ಅಣ್ಣ.”

“ನೀನ್ಯಾಕೆ ಒಂದಿನಾನೂ ಹೇಳ್ಲಿಲ್ಲ?”

“ಹೆಂಗ್ ಹೇಳ್ಲಿ? ಅಷ್ಟು ಆಸೆಯಿಂದ ಬಳಿದಿದ್ದ. ಬೇಜಾರ್ ಮಾಡ್ಕಂತಾನೆ ಅಂತ.”

ಅವನನ್ನು ಬೈಯಲು ನನಗೆ ಯಾವ ಯೋಗ್ಯತೆ ಇತ್ತು? ಇಬ್ಬರೂ ಒಂದೇ ಅಂಗಡಿಯ ಸಾಮಾನು ಮಾರಿದ್ದೆವು. ಚಾ ಕೊಟ್ಟೆ, ಕುಡಿದು ಹೋದ.

ಮೇಷ್ಟ್ರು ಹದಿಮೂರನೇ ದಿನ ಬಂದರು. ಬಣ್ಣ ತರಿಸುವುದನ್ನು, ಬಳಿಯುವುದನ್ನು, ಅದರ ಸಾಧ್ಯತೆಗಳನ್ನು ಮಾತಾಡುವುದನ್ನು ಎಲ್ಲವನ್ನೂ ಬಿಟ್ಟವರ ಹಾಗೆ ಕಂಡರು. ಜಗಲಿಯ ತುದಿಯಲ್ಲಿ ಕೂತರು.

“ಅಮ್ಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಅವತ್ತು ಕೋಣೆಯಲ್ಲಿ ನಿಮಗೆ ಕಾಣಿಸ್ತಿತ್ತಾ?”

“ಕಾಣಿಸ್ತಿತ್ತು ಮೇಷ್ಟ್ರೇ.”

ಅವರು ತಲೆಯಾಡಿಸಿದರು. ಪುಡಿಯಲ್ಲಿ ದೋಷವಿರಲಿಲ್ಲ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಮುಂದಿನ ವರ್ಷ ವರ್ಗವಾಗಿ ಹೋದರು. ಬಸ್ಸು ಇನ್ನೂ ಕೆಲವು ವರ್ಷ ಅದೇ ದಾರಿಯಲ್ಲಿ ಓಡಿತು. ಸಾಹುಕಾರರು ಒಬ್ಬ ಕ್ಲೀನರನ್ನು ಇಟ್ಟುಕೊಂಡರು. ಏಣಿಗೆ ಕರೀ ಪೇಂಟು ಹೊಡೆಸಿದರೆಂದು ಕೇಳಿದೆ. ನಾನು ಆ ಬಸ್ಸು ಹತ್ತಲಿಲ್ಲ.

ಇಷ್ಟು ವರ್ಷವಾದ ಮೇಲೆ ಇದನ್ನು ಬರೆಯಲು ಕೂತದ್ದು ಒಂದೇ ಕಾರಣಕ್ಕೆ. ಡ್ರೈವರು ಹೇಳಿದ ಆ ಮಾತು, ಏಣಿ ಹೊಳೀತೈತಲ್ಲ ಎಂದು ಅವರು ಅಂದದ್ದು. ಆ ಹೊತ್ತಿಗೆ ಅದು ಅವರ ಕಣ್ಣಿಗೆ ಆರಿಹೋಗಿ ಅರ್ಧ ಗಂಟೆಯಾದರೂ ಆಗಿರಬೇಕು. ಹಾಗಾದರೆ ಎಲ್ಲರಿಗೂ ಅದು ಕಾಣುತ್ತಿದೆ ಎಂಬುದು ಅವರಿಗೆ ಗೊತ್ತಿತ್ತೇ? ನಂಗೂ ಕಾಣ್ತಿಲ್ಲ ಎಂದು ನಾನು ಹೇಳಿದ್ದು ಸುಳ್ಳು ಎಂಬುದೂ ಗೊತ್ತಿತ್ತೇ, ಗೊತ್ತಿದ್ದೇ ನನ್ನ ಕೈಯಲ್ಲಿ ವಾರ್ನಿಶ್ ಸೋಸಿಸಿಕೊಳ್ಳುತ್ತಿದ್ದರೇ, ಅಥವಾ ಡ್ರೈವರಿಗೆ ಸುಮ್ಮನೆ ಜಂಬ ಕೊಚ್ಚಿದರೇ? ಅವರ ಬಾಯಿಂದ ನಾನು ಅದನ್ನು ಕೇಳಲಿಲ್ಲ. ಆ ಉತ್ತರ ನನ್ನ ಹತ್ತಿರ ಇಲ್ಲ.